ಬಹುಮುಖ ಪ್ರತಿಭೆಯ ನಟ, ನಿರ್ದೇಶಕ ಶಂಕರ್ ನಾಗ್ (1954–1990)

ರಂಗಭೂಮಿ, ಚಲನಚಿತ್ರ ಹಾಗೂ ದೂರದರ್ಶನ ಈ ಮೂರೂ ಮಾಧ್ಯಮಗಳಲ್ಲಿ ಏಕಕಾಲಕ್ಕೆ ದುಡಿದು, ಮೂರರಲ್ಲಿಯೂ ಜನಮನ್ನಣೆ ಗಳಿಸಿದ ವಿರಳ ಕಲಾವಿದರಲ್ಲಿ ಶಂಕರ್ ನಾಗ್ ಅವರು ಪ್ರಮುಖರು. 1978ರಲ್ಲಿ ಕನ್ನಡ ಚಿತ್ರರಂಗವನ್ನು ಪ್ರವೇಶಿಸಿದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಹನ್ನೆರಡು ವರ್ಷಗಳ ಈ ಅಲ್ಪಾವಧಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು, ಹಲವು ಚಿತ್ರಗಳನ್ನು ನಿರ್ದೇಶಿಸಿದರು, ನಾಟಕ ತಂಡವೊಂದನ್ನು ಕಟ್ಟಿದರು ಮತ್ತು ದೇಶವೇ ಮೆಚ್ಚಿದ ಧಾರಾವಾಹಿಯೊಂದನ್ನು ನಿರ್ಮಾಣಕ್ಕೆ ತಂದರು. ಅವರು ನಾಯಕರಾಗಿ ನಟಿಸಿದ ಚಿತ್ರಗಳಲ್ಲಿ ಬಹುಪಾಲು ಮಾರುಕಟ್ಟೆಯ ಅಗತ್ಯಕ್ಕೆ ತಯಾರಾದ ಸಾಹಸಪ್ರಧಾನ ಚಿತ್ರಗಳು. ಆದರೆ ಅವರ ಹೆಸರನ್ನು ಉಳಿಸಿರುವ ಕೃತಿಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುತೇಕ ಕಡೆ ಪ್ರಧಾನ ಪಾತ್ರವನ್ನು ಅವರು ಇತರ ಕಲಾವಿದರಿಗೆ ಬಿಟ್ಟುಕೊಟ್ಟಿರುವುದು ಕಂಡುಬರುತ್ತದೆ. ಜನಪ್ರಿಯ ನಾಯಕನಟರೊಬ್ಬರ ವಿಷಯದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಶಂಕರ್ ನಾಗ್ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಬಳಿಯ ಮಲ್ಲಾಪುರದಲ್ಲಿ ಜನಿಸಿದರು. ಪೂರ್ಣ ಹೆಸರು ಶಂಕರ್ ನಾಗರಕಟ್ಟೆ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಖ್ಯಾತ ನಟ ಅನಂತ್ ನಾಗ್ ಅವರು ಇವರ ಅಣ್ಣ. ಅಂದು ಮುಂಬಯಿ ರಾಜ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಕರಾವಳಿಯ ಕುಟುಂಬಗಳು ಶಿಕ್ಷಣ ಹಾಗೂ ಉದ್ಯೋಗಕ್ಕಾಗಿ ಮುಂಬಯಿಗೆ ತೆರಳುವ ಪದ್ಧತಿ ನಿಲ್ಲಲಿಲ್ಲ. ಶಂಕರ್ ಅವರೂ ವಿದ್ಯಾಭ್ಯಾಸಕ್ಕಾಗಿ ಅಲ್ಲಿಗೆ ತೆರಳಿದರು.

1970ರ ದಶಕದ ಮುಂಬಯಿ ನಗರವು ಪ್ರಾಯೋಗಿಕ ರಂಗಭೂಮಿಯ ಕೇಂದ್ರವಾಗಿತ್ತು. ಮರಾಠಿ ನಾಟಕಗಳ ಒಡನಾಟ ಶಂಕರ್ ಅವರಿಗೆ ದೊರೆತದ್ದು ಇಲ್ಲಿಯೇ. ಮುಂದೆ ತಮ್ಮ ಬಾಳಸಂಗಾತಿಯಾದ ರಂಗನಟಿ ಅರುಂಧತಿ ರಾವ್ ಅವರ ಪರಿಚಯವಾದದ್ದೂ ಈ ನಾಟಕಗಳ ಮೂಲಕವೇ. ನಾಟಕವೆಂದರೆ ಒಬ್ಬ ನಟನ ಮೆರವಣಿಗೆಯಲ್ಲ, ಇಡೀ ತಂಡದ ಕೆಲಸ ಎಂಬ ಶಿಸ್ತನ್ನು ಅವರು ಕಲಿತದ್ದು ಈ ರಂಗಭೂಮಿಯಿಂದ ಎನ್ನಬೇಕು. ಪುಣೆಯಲ್ಲಿ ಚಾಪೇಕರ್ ಸಹೋದರರು ಬ್ರಿಟಿಷ್ ಅಧಿಕಾರಿ ರ್‍ಯಾಂಡ್‌ನನ್ನು ಕೊಂದ ಪ್ರಸಂಗವನ್ನು ಆಧರಿಸಿದ 22 ಜೂನ್ 1897 ಎಂಬ ಪ್ರಶಸ್ತಿ ವಿಜೇತ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರು ಪಾಲ್ಗೊಂಡಿದ್ದರು. ಅಷ್ಟರಲ್ಲಿ ಅಣ್ಣ ಅನಂತ್ ನಾಗ್ ಅವರು 1973ರ ಸಂಕಲ್ಪ ಚಿತ್ರದ ಮೂಲಕ ಕನ್ನಡಕ್ಕೆ, 1974ರ ಅಂಕುರ್ ಮೂಲಕ ಹಿಂದಿಗೆ ಪರಿಚಿತರಾಗಿದ್ದರು.

ಶಂಕರ್ ಅವರ ಚಿತ್ರರಂಗ ಪ್ರವೇಶಕ್ಕೆ ಕಾರಣರಾದವರು ಗಿರೀಶ್ ಕಾರ್ನಾಡ್. ಮಧ್ಯಯುಗದ ಕರ್ನಾಟಕವನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಅವರು ನಿರ್ದೇಶಿಸಿದ ಒಂದಾನೊಂದು ಕಾಲದಲ್ಲಿ (1978) ಚಿತ್ರದಲ್ಲಿ ಗಂಡುಗಲಿ ಎಂಬ ಬಾಡಿಗೆ ಯೋಧನ ಪಾತ್ರ ಶಂಕರ್ ಅವರಿಗೆ ದೊರೆಯಿತು. ಎದುರಾಳಿ ಪೆರ್ಮಾಡಿಯ ಪಾತ್ರದಲ್ಲಿ ಸುಂದರಕೃಷ್ಣ ಅರಸು ಅವರಿದ್ದರು. ಹಣಕ್ಕಾಗಿ ಯಾರ ಪರವಾಗಿಯಾದರೂ ಕಾದಾಡುವ ಈ ಇಬ್ಬರು ಯೋಧರಲ್ಲಿ ಕ್ರಮೇಣ ಹುಟ್ಟುವ ಪರಸ್ಪರ ಗೌರವವೇ ಚಿತ್ರದ ತಿರುಳು. ಜಪಾನಿನ ನಿರ್ದೇಶಕ ಅಕಿರ ಕುರೊಸಾವ ಅವರ ಯೋಧಕಥೆಗಳ ಪ್ರಭಾವ ಈ ಚಿತ್ರದ ಮೇಲಿದೆ. ಕನ್ನಡದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ಚಿತ್ರಕ್ಕೆ ಲಭಿಸಿತು. 1979ರಲ್ಲಿ ನಡೆದ ಭಾರತದ 7ನೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ಅವರು ಅತ್ಯುತ್ತಮ ನಟ ಪ್ರಶಸ್ತಿಗೆ ಪಾತ್ರರಾದರು. ಮೊದಲ ಚಿತ್ರದಲ್ಲಿಯೇ, ಇಪ್ಪತ್ತೈದು ತುಂಬುವ ಮುನ್ನವೇ, ಇಂತಹ ಗೌರವ ಪಡೆದ ಕನ್ನಡ ನಟರು ಬೇರೆ ಇಲ್ಲವೆನ್ನಬಹುದು.

ಇಂತಹ ಆರಂಭವನ್ನು ಕಂಡವರು ಶಂಕರ್ ಅವರು ಹೊಸ ಅಲೆಯ ಚಿತ್ರಗಳ ನಟರಾಗಿಯೇ ಉಳಿಯುವರೆಂದು ಊಹಿಸಿದ್ದರೆ ಆಶ್ಚರ್ಯವಿಲ್ಲ. ನಡೆದದ್ದು ಬೇರೆ. ಗಂಡುಗಲಿಯ ಹೊಡೆದಾಟದ ಚುರುಕನ್ನು ಕಂಡ ವ್ಯಾಪಾರಿ ಚಿತ್ರರಂಗವು ಅವರನ್ನು ಸಾಹಸನಾಯಕನನ್ನಾಗಿ ಸ್ವೀಕರಿಸಿತು. ಸೀತಾರಾಮು (1979), ಆಟೋ ರಾಜ (1980), ನ್ಯಾಯ ಎಲ್ಲಿದೆ (1982) ಮುಂತಾದ ಚಿತ್ರಗಳು ಯಶಸ್ಸು ಕಂಡವು. ಭಿತ್ತಿಪತ್ರಗಳಲ್ಲಿ ಅವರ ಹೆಸರಿನ ಮುಂದೆ ಕರಾಟೆ ಕಿಂಗ್ ಎಂಬ ಬಿರುದು ಕಾಣಿಸಿಕೊಂಡಿತು. ವರ್ಷಕ್ಕೆ ಹಲವು ಚಿತ್ರಗಳು, ಒಂದೇ ಬಗೆಯ ಕಥೆಗಳು, ಅವಸರದ ಚಿತ್ರೀಕರಣ. ಈ ಚಿತ್ರಗಳಲ್ಲಿ ಕೆಲವನ್ನು ಇಂದು ನೋಡುವಾಗ ನಟನ ಶಕ್ತಿಗೆ ತಕ್ಕ ಪಾತ್ರವಿಲ್ಲದಿರುವುದು ಎದ್ದು ಕಾಣುತ್ತದೆ. ಆದರೆ ತಾವು ಮಾಡಬೇಕೆಂದಿದ್ದ ಕೆಲಸಗಳಿಗೆ ಬೇಕಾದ ಹಣ ಮತ್ತು ಹೆಸರು ಈ ಚಿತ್ರಗಳಿಂದಲೇ ಬರಬೇಕಾಗಿತ್ತು.

ಇವುಗಳಲ್ಲಿ ಆಟೋ ರಾಜ ಚಿತ್ರಕ್ಕೆ ಪ್ರತ್ಯೇಕ ಸ್ಥಾನವಿದೆ. ವಿಜಯ್ ನಿರ್ದೇಶಿಸಿದ, ರಾಜನ್-ನಾಗೇಂದ್ರ ಸಂಗೀತದ ಈ ಚಿತ್ರದಲ್ಲಿ ಶಂಕರ್ ಅವರು ಆಟೋರಿಕ್ಷಾ ಚಾಲಕನಾಗಿ ಕಾಣಿಸಿಕೊಂಡರು. ದಿನವಿಡೀ ನಗರದ ಬೀದಿಗಳಲ್ಲಿ ದುಡಿಯುವ ಒಂದು ಶ್ರಮಿಕ ವರ್ಗವು ತೆರೆಯ ಮೇಲೆ ತನ್ನನ್ನು ನಾಯಕನ ಸ್ಥಾನದಲ್ಲಿ ಕಂಡಿತು. ಅಂದಿನಿಂದ ಆಟೋಗಳ ಹಿಂಬದಿಯಲ್ಲಿ ಶಂಕರ್ ನಾಗ್ ಅವರ ಭಾವಚಿತ್ರ ಬಿಡಿಸುವ, ಆಟೋ ನಿಲ್ದಾಣಗಳಿಗೆ ಅವರ ಹೆಸರಿಡುವ ರೂಢಿ ಬೆಳೆಯಿತು. ಅವರ ಜನ್ಮದಿನವಾದ ನವೆಂಬರ್ 9ನ್ನು ಚಾಲಕರ ದಿನವೆಂದು ಆಚರಿಸುವವರೂ ಇದ್ದಾರೆ.

ಈ ಅಭಿಮಾನವು ಬೆಂಗಳೂರಿನ ಒಂದು ಭಾಗಕ್ಕೆ ಸೀಮಿತವಾಗಲಿಲ್ಲವೆಂಬುದು ಗಮನಾರ್ಹ. 1809ರಲ್ಲಿ ಸ್ಥಾಪನೆಗೊಂಡ ದಂಡು ಪ್ರದೇಶವು 1949ರವರೆಗೆ ಪ್ರತ್ಯೇಕ ಆಡಳಿತಕ್ಕೆ ಒಳಪಟ್ಟಿತ್ತು. ಶಿವಾಜಿನಗರ, ಹಲಸೂರು ಮೊದಲಾದ ಬಡಾವಣೆಗಳಲ್ಲಿ ಕನ್ನಡದೊಂದಿಗೆ ತಮಿಳು, ಉರ್ದು, ಇಂಗ್ಲಿಷ್ ಭಾಷೆಗಳ ಬಳಕೆ ಹೆಚ್ಚು. ಕನ್ನಡ ಚಿತ್ರಗಳ ಪ್ರಮುಖ ಚಿತ್ರಮಂದಿರಗಳು ಗಾಂಧಿನಗರದ ಸುತ್ತಮುತ್ತ ಇದ್ದರೆ, ದಂಡು ಪ್ರದೇಶದ ಪ್ಲಾಜಾ, ರೆಕ್ಸ್, ಲಿಡೊ ಮೊದಲಾದ ಚಿತ್ರಮಂದಿರಗಳು ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದವು. ಶಂಕರ್ ಅವರ ಮುಖವು ಈ ಬಡಾವಣೆಗಳಿಗೆ ಚಿತ್ರಮಂದಿರಗಳ ಮೂಲಕ ಬಂದದ್ದಕ್ಕಿಂತ ಹೆಚ್ಚಾಗಿ ಆಟೋಗಳ ಮೇಲೆ ಬಂದಿತು ಎನ್ನಬಹುದು.

ನಾಯಕನಾಗಿ ಬಿಡುವಿಲ್ಲದಿದ್ದ ಈ ದಿನಗಳಲ್ಲಿಯೇ ಶಂಕರ್ ಅವರು ನಿರ್ದೇಶನಕ್ಕೆ ಕೈಹಾಕಿದರು. ಮೊದಲ ಚಿತ್ರ ಮಿಂಚಿನ ಓಟ (1980). ಕಾರು ಕಳ್ಳರು ಹಾಗೂ ಸೆರೆಮನೆಯಿಂದ ಪಲಾಯನದ ಕಥೆ ಇದು. ಅನಂತ್ ನಾಗ್ ಮತ್ತು ಲೋಕೇಶ್ ಅವರೊಡನೆ ತಾವೂ ನಟಿಸಿದರು. ರಾಜ್ಯ ಸರ್ಕಾರದ ಏಳು ಪ್ರಶಸ್ತಿಗಳು ಈ ಚಿತ್ರಕ್ಕೆ ಸಂದವು. ಅತ್ಯುತ್ತಮ ನಟ ಪ್ರಶಸ್ತಿಯನ್ನು ಅನಂತ್ ನಾಗ್ ಪಡೆದರು. ಅದೇ ವರ್ಷ ಜನ್ಮ ಜನ್ಮದ ಅನುಬಂಧ, ಮರುವರ್ಷ ಗೀತಾ ಚಿತ್ರಗಳು ತೆರೆಕಂಡವು. ಗೀತಾ ಚಿತ್ರದಲ್ಲಿ ಸ್ವತಃ ನಾಯಕರಾಗಿ, ರೋಗಪೀಡಿತ ಯುವತಿಯನ್ನು ಪ್ರೀತಿಸುವ ಗಾಯಕನ ಪಾತ್ರವನ್ನು ನಿರ್ವಹಿಸಿದರು. ಇಳಯರಾಜ ಅವರ ಸಂಗೀತವಿರುವ ಇದರ ಹಾಡುಗಳು ನಾಲ್ಕು ದಶಕಗಳ ನಂತರವೂ ಜನಪ್ರಿಯವಾಗಿವೆ.

ಶಂಕರ್ ಅವರು ನಿರ್ದೇಶಿಸಿದ ಚಿತ್ರಗಳಲ್ಲಿ ಅತ್ಯಂತ ಗಂಭೀರವಾದದ್ದು ಆಕ್ಸಿಡೆಂಟ್. ಪ್ರಭಾವಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಚಲಾಯಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡ ಕೂಲಿಕಾರರ ಸಾವಿಗೆ ಕಾರಣನಾಗುತ್ತಾನೆ. ಅಧಿಕಾರದ ಎಲ್ಲ ಅಂಗಗಳೂ ಸತ್ಯವನ್ನು ಮುಚ್ಚಿಹಾಕಲು ಒಂದಾಗುತ್ತವೆ. ಅದನ್ನು ಬೆನ್ನುಹತ್ತುವ ಪತ್ರಕರ್ತನ ಪಾತ್ರದಲ್ಲಿ ಶಂಕರ್, ರಾಜಕಾರಣಿಯ ಪಾತ್ರದಲ್ಲಿ ಅನಂತ್ ನಾಗ್ ಅಭಿನಯಿಸಿದರು. ಸಾಹಸ ಚಿತ್ರಗಳಲ್ಲಿ ಹತ್ತಾರು ಜನರನ್ನು ಒಬ್ಬನೇ ಸೋಲಿಸುವ ನಾಯಕನು ಇಲ್ಲಿ ಒಂದು ವ್ಯವಸ್ಥೆಯ ಎದುರು ನಿಲ್ಲಬೇಕಾಗುತ್ತದೆ. ಅಲ್ಲಿ ಕರಾಟೆಯಿಂದ ಪ್ರಯೋಜನವಿಲ್ಲ. 1984ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರವೆಂಬ ಗೌರವ ಇದಕ್ಕೆ ದೊರೆಯಿತು. ಕುಡಿದು ವಾಹನ ಚಲಾಯಿಸಿ ಅಮಾಯಕರನ್ನು ಬಲಿ ತೆಗೆದುಕೊಳ್ಳುವ ಪ್ರಕರಣಗಳು ಮುಂದಿನ ದಶಕಗಳಲ್ಲಿ ದೇಶದ ಮಹಾನಗರಗಳಿಂದ ವರದಿಯಾದಾಗಲೆಲ್ಲ ಈ ಚಿತ್ರದ ನೆನಪು ಮರುಕಳಿಸಿದೆ.

ಇಷ್ಟರ ನಡುವೆಯೂ ರಂಗಭೂಮಿಯನ್ನು ಅವರು ತೊರೆಯಲಿಲ್ಲ. ಬೆಂಗಳೂರಿನಲ್ಲಿ ಸಂಕೇತ್ ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿ, ಅರುಂಧತಿ ನಾಗ್, ರಮೇಶ್ ಭಟ್ ಮುಂತಾದ ಒಡನಾಡಿಗಳೊಂದಿಗೆ ನಾಟಕಗಳನ್ನು ಪ್ರದರ್ಶಿಸಿದರು. ಗಿರೀಶ್ ಕಾರ್ನಾಡರ ಅಂಜುಮಲ್ಲಿಗೆ, ಮರಾಠಿ ನಾಟಕಕಾರ ಜಯವಂತ ದಳ್ವಿ ಅವರ ಬ್ಯಾರಿಸ್ಟರ್ ಹಾಗೂ ಸಂಧ್ಯಾಛಾಯಾ, ಹಾಸ್ಯಪ್ರಧಾನವಾದ ನೋಡಿ ಸ್ವಾಮಿ ನಾವಿರೋದು ಹೀಗೆ ಮೊದಲಾದವು ಈ ತಂಡದ ಪ್ರಮುಖ ಪ್ರಯೋಗಗಳು. ಕೊನೆಯದು ಮುಂದೆ ಚಲನಚಿತ್ರವೂ ಆಯಿತು. ಹಗಲೆಲ್ಲ ಚಿತ್ರೀಕರಣ, ಸಂಜೆ ನಾಟಕದ ತಾಲೀಮು ಎಂಬ ದಿನಚರಿಯನ್ನು ಒಬ್ಬ ಜನಪ್ರಿಯ ನಾಯಕನಟ ವರ್ಷಗಟ್ಟಲೆ ಪಾಲಿಸಿದ್ದು ಕಡಿಮೆ ಮಾತಲ್ಲ. ರಂಗದಲ್ಲಿ ಅವರಿಗೆ ಸಿಗುತ್ತಿದ್ದ ಸಂಭಾವನೆ ಲೆಕ್ಕಕ್ಕೆ ಬರುವಂಥದ್ದಲ್ಲ. ಖರ್ಚಿಗೆ ಲೆಕ್ಕವಿತ್ತು.

ಸಂಕೇತ್ ಹೆಸರಿನಲ್ಲಿಯೇ ಅವರು ಬೆಂಗಳೂರಿನಲ್ಲಿ ಆಧುನಿಕ ಧ್ವನಿಮುದ್ರಣ ಕೇಂದ್ರವನ್ನೂ ಸ್ಥಾಪಿಸಿದರು. ಇದರ ಮಹತ್ವ ಅರಿಯಲು ಅಂದಿನ ಸ್ಥಿತಿಯನ್ನು ನೆನೆಯಬೇಕು. ಕನ್ನಡ ಚಿತ್ರಗಳ ತಯಾರಿಕೆ ಬಹುಕಾಲ ಮದರಾಸನ್ನೇ ಅವಲಂಬಿಸಿತ್ತು. 1960ರ ದಶಕದಲ್ಲಿ ರಾಜ್ಯ ಸರ್ಕಾರವು ಸಹಾಯಧನ ಯೋಜನೆ ಆರಂಭಿಸಿದ ಮೇಲೆ ಚಿತ್ರೋದ್ಯಮ ಬೆಂಗಳೂರಿನತ್ತ ಹೊರಳಿತಾದರೂ ಹಾಡು, ಮಾತು, ಹಿನ್ನೆಲೆ ಸಂಗೀತದ ಮುದ್ರಣಕ್ಕೆ ನಿರ್ಮಾಪಕರು ಮದರಾಸಿಗೆ ಪ್ರಯಾಣಿಸುವುದು ತಪ್ಪಿರಲಿಲ್ಲ. ನಾಯಕನಟನೊಬ್ಬ ತನ್ನ ಗಳಿಕೆಯನ್ನು ಯಂತ್ರೋಪಕರಣಗಳಿಗೆ ಸುರಿದು ಇಡೀ ಉದ್ಯಮಕ್ಕೆ ಉಪಯೋಗವಾಗುವ ಸೌಲಭ್ಯ ಒದಗಿಸಿದ್ದು ಈ ಹಿನ್ನೆಲೆಯಲ್ಲಿ.

ದೂರದರ್ಶನದಲ್ಲಿ ಶಂಕರ್ ಅವರ ಸಾಧನೆ ಮಾಲ್ಗುಡಿ ಡೇಸ್. 1984ರಲ್ಲಿ ಹಮ್ ಲೋಗ್ ಧಾರಾವಾಹಿಯ ಯಶಸ್ಸಿನ ನಂತರ ದೂರದರ್ಶನವು ಖಾಸಗಿ ನಿರ್ಮಾಪಕರಿಗೆ ಬಾಗಿಲು ತೆರೆಯಿತು. ಆಗ ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಕಿರುತೆರೆಗೆ ತರಲು ಮುಂದಾಗಿ ನಿರ್ದೇಶನದ ಹೊಣೆಯನ್ನು ಶಂಕರ್ ಅವರಿಗೆ ವಹಿಸಿದರು. ಇಂಗ್ಲಿಷ್‌ನಲ್ಲಿ ಬರೆದ, ಮೈಸೂರಿನಲ್ಲಿ ಬಾಳಿದ ಲೇಖಕರ ಕಲ್ಪನೆಯ ಊರಾದ ಮಾಲ್ಗುಡಿಗೆ ನಕಾಶೆಯಲ್ಲಿ ಸ್ಥಳವಿಲ್ಲ. ಶಂಕರ್ ಅವರು ಅದನ್ನು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಕಂಡರು. ಮಳೆನಾಡಿನ ಒಂದು ಬೀದಿ, ದೊಡ್ಡಮನೆಯ ತೊಟ್ಟಿ ಮತ್ತು ಕಂಬಗಳು, ಅರಸಾಳು ರೈಲು ನಿಲ್ದಾಣ ಇವೆಲ್ಲ ಸೇರಿ ಮಾಲ್ಗುಡಿಯಾಯಿತು. ಕಲಾ ನಿರ್ದೇಶನ ಜಾನ್ ದೇವರಾಜ್, ಛಾಯಾಗ್ರಹಣ ಎಸ್. ರಾಮಚಂದ್ರ, ಸಂಗೀತ ಎಲ್. ವೈದ್ಯನಾಥನ್ ಅವರದು. ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣ್ ಅವರ ಸೋದರ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರವು.

1986ರಲ್ಲಿ ಪ್ರಸಾರ ಆರಂಭಿಸಿದ ಈ ಸರಣಿಯನ್ನು ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ನಿರ್ಮಿಸಲಾಯಿತು. ಆದರೆ ತೆರೆಯ ಮೇಲೆ ಇದ್ದವರು ಬಹುಪಾಲು ಕನ್ನಡದ ರಂಗಕಲಾವಿದರು ಹಾಗೂ ಚಿತ್ರನಟರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಕಾಣಿಸಿಕೊಂಡರು. ಇನ್ನೂ ನಲವತ್ತು ತುಂಬದ ಅನಂತ್ ನಾಗ್ ಸಿಹಿತಿಂಡಿ ವ್ಯಾಪಾರಿ ಜಗನ್ ಎಂಬ ವೃದ್ಧನ ಪಾತ್ರ ನಿರ್ವಹಿಸಿದರು. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲು ಬಿಡುವೇ ದೊರೆಯದ ಗುಮಾಸ್ತನಾಗಿ ವಿಷ್ಣುವರ್ಧನ್ ನಟಿಸಿದರು. ಸಾಹಸಸಿಂಹನೆಂದು ಹೆಸರಾದ ನಟನನ್ನು ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕುರ್ಚಿಯಲ್ಲಿ ಕೂರಿಸಿದ ಈ ಆಯ್ಕೆಯಲ್ಲಿ ಶಂಕರ್ ಅವರ ನಿರ್ದೇಶನದ ಗುಟ್ಟು ಅಡಗಿದೆ. ನಟನೊಬ್ಬನಲ್ಲಿ ಮಾರುಕಟ್ಟೆ ಕಾಣದ್ದನ್ನು ಅವರು ಕಾಣಬಲ್ಲವರಾಗಿದ್ದರು. ತಮ್ಮ ವಿಷಯದಲ್ಲಿ ಅಂತಹ ಅವಕಾಶವನ್ನು ಕಲ್ಪಿಸಿಕೊಂಡದ್ದು ಕಡಿಮೆ.

ಕನ್ನಡ ಬಾರದ ಲಕ್ಷಾಂತರ ವೀಕ್ಷಕರು ಮಲೆನಾಡಿನ ಮನೆ, ಮಳೆ, ಮಾತಿನ ಲಯಗಳನ್ನು ಕಂಡದ್ದು ಈ ಸರಣಿಯಿಂದ. ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆಯು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದೆ.

ಡಾ. ರಾಜ್‌ಕುಮಾರ್ ಅವರೊಂದಿಗೆ ಅಪೂರ್ವ ಸಂಗಮ (1984) ಚಿತ್ರದಲ್ಲಿ ನಟಿಸಿದ್ದ ಶಂಕರ್, 1987ರಲ್ಲಿ ಅವರನ್ನು ನಾಯಕರನ್ನಾಗಿಸಿ ಒಂದು ಮುತ್ತಿನ ಕಥೆ ಚಿತ್ರವನ್ನು ನಿರ್ದೇಶಿಸಿದರು. ಜಾನ್ ಸ್ಟೈನ್‌ಬೆಕ್ ಅವರ ಕಿರುಕಾದಂಬರಿ ಆಧರಿಸಿದ ಈ ಚಿತ್ರದ ನೀರಿನಾಳದ ದೃಶ್ಯಗಳು ಅಂದಿಗೆ ಹೊಸತು. ಚಿತ್ರವು ನಿರೀಕ್ಷಿಸಿದ ಮಟ್ಟದ ಗಳಿಕೆ ಕಾಣಲಿಲ್ಲ. ಅದೇ ದಶಕದ ಕೊನೆಯಲ್ಲಿ ದಕ್ಷ ಪೊಲೀಸ್ ಅಧಿಕಾರಿಯ ಪಾತ್ರವಿರುವ ಸಾಂಗ್ಲಿಯಾನ (1988) ಭಾರಿ ಯಶಸ್ಸು ಪಡೆದು ಎರಡನೆಯ ಭಾಗವನ್ನೂ ಕಂಡಿತು. ಬೆಂಗಳೂರಿನ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರು ಈ ಚಿತ್ರಗಳಿಗೆ ಪ್ರೇರಣೆ. ಇದೇ ವೇಳೆ ಸುನೀಲ್ ಕುಮಾರ್ ದೇಸಾಯಿ ಎಂಬ ಹೊಸ ನಿರ್ದೇಶಕರ ಮೊದಲ ಚಿತ್ರ ತರ್ಕ (1989)ದಲ್ಲಿ ಅವರು ನಟಿಸಿದರು. ಹಾಡುಗಳೇ ಇಲ್ಲದ ಚಿತ್ರಕ್ಕೆ ಜನಪ್ರಿಯ ನಾಯಕ ಒಪ್ಪಿಗೆ ನೀಡುವುದು ಆ ದಿನಗಳಲ್ಲಿ ಅಪರೂಪವಾಗಿತ್ತು.

ಕಲಾಕ್ಷೇತ್ರದ ಹೊರಗೂ ಶಂಕರ್ ಅವರ ಆಸಕ್ತಿ ವಿಸ್ತರಿಸಿತ್ತು. ಕಡಿಮೆ ವೆಚ್ಚದ ಮನೆಗಳ ನಿರ್ಮಾಣ, ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ ರೈಲು ಇವು ಅವರು 1980ರ ದಶಕದಲ್ಲಿಯೇ ಪ್ರತಿಪಾದಿಸುತ್ತಿದ್ದ ವಿಚಾರಗಳು. 1981ರ ಜನಗಣತಿಯಂತೆ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. ದೇಶದ ಮೊದಲ ಮೆಟ್ರೋ ಕಲ್ಕತ್ತೆಯಲ್ಲಿ ಆರಂಭವಾದದ್ದೇ 1984ರ ಅಕ್ಟೋಬರಿನಲ್ಲಿ. ಅಂತಹ ಸಮಯದಲ್ಲಿ ಚಿತ್ರನಟರೊಬ್ಬರ ಈ ಮಾತು ಕನಸಿನಂತೆ ಕೇಳಿಸಿರಬೇಕು. ನಮ್ಮ ಮೆಟ್ರೋ ಯೋಜನೆಯನ್ನು ರೂಪಿಸಿದವರೇ ಶಂಕರ್ ನಾಗ್ ಎಂದು ಕೆಲವರು ಹೇಳುವುದು ಉತ್ಪ್ರೇಕ್ಷೆ. ಅದರ ವಿಸ್ತೃತ ಯೋಜನಾ ವರದಿಯನ್ನು ದೆಹಲಿ ಮೆಟ್ರೋ ರೈಲು ನಿಗಮವು ಸಿದ್ಧಪಡಿಸಿತು, ಶಂಕುಸ್ಥಾಪನೆ 2006ರ ಜೂನ್‌ನಲ್ಲಿ ನಡೆಯಿತು. ಆದರೆ ಅಗತ್ಯವನ್ನು ಮೊದಲೇ ಮನಗಂಡು ಮಾತನಾಡಿದವರಲ್ಲಿ ಅವರೊಬ್ಬರೆಂಬುದು ನಿಜ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿ ಮಾರ್ಗವಾಗಿ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಸಂಚರಿಸಿತು. ಆ ಮಾರ್ಗವು 2023ರಲ್ಲಿ ಕೃಷ್ಣರಾಜಪುರವನ್ನೂ ಜೋಡಿಸಿಕೊಂಡಿತು. ಮೆಟ್ರೋಗೆ ಶಂಕರ್ ನಾಗ್ ಅವರ ಹೆಸರಿಡಬೇಕೆಂಬ ಬೇಡಿಕೆಯನ್ನು ಅಭಿಮಾನಿಗಳು ಹಲವು ಬಾರಿ ಮುಂದಿಟ್ಟಿದ್ದಾರೆ.

1989ರಲ್ಲಿ ಕಾರ್ನಾಡರ ನಾಗಮಂಡಲ ನಾಟಕವನ್ನು ಶಂಕರ್ ಅವರು ರಂಗಕ್ಕೆ ತಂದರು. ಮರುವರ್ಷ ಚಂದ್ರಶೇಖರ ಕಂಬಾರರ ಪ್ರಸಿದ್ಧ ನಾಟಕ ಜೋಕುಮಾರಸ್ವಾಮಿಯ ಚಲನಚಿತ್ರ ರೂಪದಲ್ಲಿ ಪ್ರಧಾನ ಪಾತ್ರ ಅವರದಾಗಿತ್ತು. ನಟನಿಗೆ ಸವಾಲಾಗಬಲ್ಲ ಪಾತ್ರವೊಂದು ಬಹುಕಾಲದ ನಂತರ ಅವರಿಗೆ ದೊರೆತಿತ್ತು. ಚಿತ್ರೀಕರಣಕ್ಕಾಗಿ ಲೋಕಾಪುರಕ್ಕೆ ಕುಟುಂಬದೊಂದಿಗೆ ಕಾರಿನಲ್ಲಿ ತೆರಳುತ್ತಿದ್ದಾಗ, 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಾವಣಗೆರೆ ಸಮೀಪದ ಆನಗೋಡು ಗ್ರಾಮದ ಬಳಿ ಹೆದ್ದಾರಿಯಲ್ಲಿ ಅಪಘಾತ ಸಂಭವಿಸಿತು. ಶಂಕರ್ ಅವರು ಅಸುನೀಗಿದರು. ಅವರಿಗೆ ಮೂವತ್ತಾರು ತುಂಬಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲವಿತ್ತು. ಪತ್ನಿ ಅರುಂಧತಿ ಅವರು ತೀವ್ರವಾಗಿ ಗಾಯಗೊಂಡರು. ಪುಟ್ಟ ಮಗಳು ಬದುಕುಳಿದಳು. ಚಿತ್ರೀಕರಣ ಮುಗಿದಿದ್ದ ಅವರ ಕೆಲವು ಚಿತ್ರಗಳು ನಿಧನಾನಂತರ ಬಿಡುಗಡೆಯಾದವು.

ದೀರ್ಘ ಚಿಕಿತ್ಸೆಯ ನಂತರ ರಂಗಭೂಮಿಗೆ ಮರಳಿದ ಅರುಂಧತಿ ನಾಗ್ ಅವರು ಸಂಕೇತ್ ಟ್ರಸ್ಟ್ ಮೂಲಕ, ಕಡಿಮೆ ಬಾಡಿಗೆಗೆ ನಾಟಕ ತಂಡಗಳಿಗೆ ದೊರೆಯುವ ಸುಸಜ್ಜಿತ ರಂಗಮಂದಿರವೊಂದರ ನಿರ್ಮಾಣಕ್ಕೆ ತೊಡಗಿದರು. ರಾಜ್ಯ ಸರ್ಕಾರದ ನೆರವು, ಸಾರ್ವಜನಿಕರ ಹಾಗೂ ಸಂಸ್ಥೆಗಳ ದೇಣಿಗೆಯಿಂದ ಜಯಪ್ರಕಾಶ ನಾರಾಯಣ ನಗರದಲ್ಲಿ ನಿರ್ಮಾಣವಾದ ರಂಗಶಂಕರ 2004ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಸುಮಾರು 320 ಆಸನಗಳಿರುವ ಈ ರಂಗಮಂದಿರದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಾಟಕಗಳು ನಿರಂತರವಾಗಿ ಪ್ರದರ್ಶನಗೊಳ್ಳುತ್ತಿವೆ. ಅರುಂಧತಿ ಅವರಿಗೆ 2010ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು.

ದಂಡು ಪ್ರದೇಶದಲ್ಲಿಯೂ ಅವರ ಹೆಸರಿನ ಗುರುತೊಂದಿದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಹಿಂದೆ ಸಿಂಫನಿ ಎಂದು ಕರೆಯಲಾಗುತ್ತಿದ್ದ ಚಿತ್ರಮಂದಿರಕ್ಕೆ ಶಂಕರ್ ನಾಗ್ ಅವರ ಹೆಸರನ್ನು ಇಡಲಾಯಿತು. ಅದೇ ರಸ್ತೆಯ ಪ್ಲಾಜಾ ಚಿತ್ರಮಂದಿರದ ಸ್ಥಳವನ್ನು ಮೆಟ್ರೋ ನಿಲ್ದಾಣಕ್ಕಾಗಿ ಬಳಸಿಕೊಳ್ಳಲಾಗಿದೆ. ಹಲಸೂರಿನ ಲಿಡೊ ಇದ್ದಲ್ಲಿ ವಾಣಿಜ್ಯ ಮಳಿಗೆ ಬಂದಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಪ್ರದರ್ಶನ ನಿಲ್ಲಿಸಿತು.